ಭರಣಿ–ಕೃತ್ತಿಕೆ ಗಾಳಿಮಳೆ, ಆಲಿಕಲ್ಲು: ಅಡಿಕೆ ತೋಟ, ಮನೆ, ಕರೆಂಟು – ಯಾವ ಕೆಲಸ ಮೊದಲು, ಯಾವುದು ಆಮೇಲೆ?

ತೋಟದಂಚು (ತೀರ್ಥಹಳ್ಳಿ ಕಡೆ)

ಏಪ್ರಿಲ್ ಕೊನೆ, ಮೇ ತಿಂಗಳ ಗಾಳಿಮಳೆ ಪ್ರತಿ ವರ್ಷ ಒಂದಲ್ಲ ಒಂದು ಹೋಬಳಿಗೆ ಹೊಡೆಯುತ್ತದೆ. ಮರುದಿನ ಇಲ್ಲಿ ಅವೇ ಪ್ರಶ್ನೆಗಳು ಚೂರುಚೂರಾಗಿ ಬರುತ್ತವೆ: ಬೋರ್ಡೋ (ತಾಮ್ರದ ಸಲ್ಫೇಟು–ಸುಣ್ಣದ ರೋಗನಾಶಕ ದ್ರಾವಣ) ಹೊಡೀಬೇಕಾ, ಪರಿಹಾರಕ್ಕೆ ಯಾರಿಗೆ ಅರ್ಜಿ, ಕರೆಂಟು ಯಾವಾಗ. ಎಲ್ಲ ಒಂದೇ ಕಡೆ ಸಿಗಲಿ ಎಂದು ಈ ಚರ್ಚೆ ತೆರೆದಿದ್ದೇನೆ. ಗೊತ್ತಿದ್ದವರು ಅಳತೆ, ಪ್ರಮಾಣ ಸಮೇತ ಬರೆಯಿರಿ. "ನಮ್ಮಲ್ಲೂ ಹೀಗೇ ಆಗಿತ್ತು" ಎನ್ನುವುದಕ್ಕೆ ಬೇರೆ ಕಡೆ ಜಾಗವಿದೆ.

ನನ್ನ ವಾದ ಒಂದೇ. ಗಾಳಿ ಹೊಡೆದ ಅರ್ಧ ಗಂಟೆಯಲ್ಲಿ ಆಗುವ ನಷ್ಟವನ್ನು ಯಾರೂ ತಡೆಯಲಾರರು. ಅಲ್ಲಿಂದ ಮುಂಗಾರು ಹಿಡಿಯುವವರೆಗೆ ನಾಲ್ಕೈದು ವಾರ ಸಿಗುತ್ತದೆ. ಆ ವಾರಗಳಲ್ಲಿ ಮಾಡುವ, ಮಾಡದೆ ಬಿಡುವ ಕೆಲಸದ ಮೇಲೆ ಉಳಿದ ನಷ್ಟ ನಿಂತಿದೆ. ಹೆಚ್ಚಿನವರು ಮೊದಲ ದಿನವೇ ಕತ್ತಿ ಹಿಡಿದು ತೋಟಕ್ಕಿಳಿಯುತ್ತಾರೆ. ಅದು ಮೂರನೆಯ ಕೆಲಸ. ಮೊದಲನೆಯದು ಕರೆಂಟಿನ ತಂತಿ ಎಲ್ಲೆಲ್ಲಿ ಬಿದ್ದಿದೆ ಎಂದು ನೋಡುವುದು, ಎರಡನೆಯದು ಪರಿಹಾರದ ಅರ್ಜಿಗೆ ಫೋಟೋ.

ಮೋಡದಿಕ್ಕು (ಆಗುಂಬೆ ಹತ್ತಿರ)

ಮೊದಲು ಮಳೆಯ ವಿಷಯ. ಇದು ಮುಂಗಾರಿನ ಮಳೆಯಲ್ಲ. ಮುಂಗಾರು ಅರಬ್ಬಿ ಸಮುದ್ರದ ಕಡೆಯಿಂದ, ನೈಋತ್ಯದಿಂದ ಬರುತ್ತದೆ, ದಿನಗಟ್ಟಲೆ ಹಿಡಿಯುತ್ತದೆ. ಈ ಮಳೆ ಬೆಳಗ್ಗೆಯಿಂದ ನೆಲ ಕಾದು, ಕಡಲಿನ ತೇವ ಘಟ್ಟ ಹತ್ತಿ, ಮಧ್ಯಾಹ್ನದ ಮೇಲೆ ಮೋಡ ಗೋಪುರದಂತೆ ಎದ್ದು ಸುರಿಯುವಂಥದ್ದು. ಹೆಚ್ಚಾಗಿ ಮೂರು ಗಂಟೆಯಿಂದ ಕತ್ತಲಾಗುವುದರೊಳಗೆ. ಮೇಲಿನ ಗಾಳಿ ಸಾಮಾನ್ಯವಾಗಿ ಪೂರ್ವ, ಈಶಾನ್ಯದಿಂದ ತಳ್ಳುತ್ತದೆ. ಹಾಗಾಗಿ ಶಿವಮೊಗ್ಗ ದಿಕ್ಕಿಗೆ ಕಪ್ಪಾದರೆ ತೀರ್ಥಹಳ್ಳಿ, ಹೊಸನಗರದವರು ಅಂಗಳದ್ದನ್ನು ಒಳಗೆ ಹಾಕಬೇಕು.

ಮೋಡದ ಒಳಗೆ ಏರುವ ಗಾಳಿ ನೀರಹನಿಯನ್ನು ಹೆಪ್ಪುಗಟ್ಟುವ ಮಟ್ಟದ ಮೇಲಕ್ಕೆ ಒಯ್ಯುತ್ತದೆ. ನಮ್ಮಲ್ಲಿ ಈ ಕಾಲಕ್ಕೆ ಅದು ಸುಮಾರು 5 ಕಿ.ಮೀ. ಎತ್ತರ. ಏರುಗಾಳಿ ಹೊತ್ತು ನಿಲ್ಲುವಷ್ಟು ಹೊತ್ತೂ ಕಲ್ಲು ಪದರಪದರವಾಗಿ ದಪ್ಪವಾಗುತ್ತದೆ. ಆಮೇಲೆ ಮಳೆ, ಆಲಿಕಲ್ಲು, ತಣ್ಣನೆ ಗಾಳಿ ಮೂರೂ ಒಟ್ಟಿಗೆ ಕೆಳಗೆ ಕುಸಿದು ನೆಲಕ್ಕೆ ಬಡಿದು ಸುತ್ತ ಹರಡುತ್ತವೆ. ಮಳೆಗೆ ಹತ್ತು ನಿಮಿಷ ಮೊದಲು ಬೀಸುವ ತಂಪು ಗಾಳಿ ಇದೇ. ಮರ ಮುರಿಯುವುದೂ ಇದರಿಂದಲೇ. ಒಂದು ತೋಟ ಚಾಪೆಯಾಗಿ ಮಲಗಿ ಪಕ್ಕದ ತೋಟದಲ್ಲಿ ಸೋಗೆಯೂ (ಅಡಿಕೆ ಗರಿಯೂ) ಬೀಳದಿರುವುದು ಈ ಕುಸಿತ ಸಣ್ಣ ಜಾಗದಲ್ಲಿ ಆಗುವುದರಿಂದ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿಯ ವೇಗ ಒಮ್ಮೆಲೇ ಗಂಟೆಗೆ 29 ಕಿ.ಮೀ.ಯಷ್ಟು ಏರಿ, 40 ಕಿ.ಮೀ. ದಾಟಿ, ಒಂದು ನಿಮಿಷವಾದರೂ ನಿಂತರೆ ಅದು ಬಿರುಗಾಳಿ. ಅವರು ಜಿಲ್ಲಾವಾರು ಮೂರು ಗಂಟೆಯ ಮುನ್ಸೂಚನೆ ಕೊಡುತ್ತಾರೆ. ಮೇ ತಿಂಗಳಲ್ಲಿ ಐದು ದಿನದ ಮುನ್ಸೂಚನೆಗಿಂತ ಇದೇ ಉಪಯೋಗ. ಸಿಡಿಲಿಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ 'ದಾಮಿನಿ' ಆ್ಯಪ್ ಇದೆ. ಅದಿಲ್ಲದಿದ್ದರೆ ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡನ್ನು ಮೂರರಿಂದ ಭಾಗಿಸಿ, ಬಂದದ್ದು ಕಿಲೋಮೀಟರ್. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ತೋಟದಿಂದ ಹೊರಡಿ, ಕೊನೆಯ ಗುಡುಗಿನ ನಂತರ 30 ನಿಮಿಷ ಮತ್ತೆ ಇಳಿಯಬೇಡಿ. ಮಳೆ ನಿಂತಿತೆಂದು ಬಿದ್ದ ಮಾವಿನಕಾಯಿ ಹೆಕ್ಕಲು ಓಡುವ ಹೊತ್ತು ತುಂಬ ಅಪಾಯದ್ದು.

ಟಿಸಿ_ಕಂಬ (ಹೊಸನಗರ)

ಕರೆಂಟಿನ ಮಟ್ಟಿಗೆ ನಾಲ್ಕು ಮಾತು ಹೇಳುತ್ತೇನೆ, ಉದ್ದವಾಗುತ್ತದೆ.

ಬಿದ್ದ ತಂತಿ ಸತ್ತಿದೆ ಎಂದುಕೊಳ್ಳಬೇಡಿ. ಊರಲ್ಲಿ ಎಲ್ಲರ ಮನೆಯಲ್ಲೂ ಕರೆಂಟಿಲ್ಲ ಎಂದರೆ ತಂತಿಯಲ್ಲೂ ಇಲ್ಲ ಎಂದಲ್ಲ. 11 ಕೆವಿಯ (11 ಸಾವಿರ ವೋಲ್ಟಿನ) ಮೂರು ತಂತಿಯಲ್ಲಿ ಒಂದು ಒಣ ಜಲ್ಲಿ ಅಥವಾ ಜಂಬಿಟ್ಟಿಗೆಯ ಮೇಲೆ ಬಿದ್ದರೆ ಭೂಮಿಗೆ ಹರಿಯುವ ಕರೆಂಟು ಕಡಿಮೆ, ಸಬ್‌ಸ್ಟೇಷನ್ನಿನ ಬ್ರೇಕರ್ ಬೀಳದೇ ಇರಬಹುದು. ಬಿದ್ದರೂ ಪರೀಕ್ಷೆಗೆಂದು ಮತ್ತೆ ಹಾಕಿ ನೋಡುತ್ತಾರೆ. ಹತ್ತು ಮೀಟರ್ ದೂರ ನಿಲ್ಲಿ, ದನ ಬಿಡಬೇಡಿ, ತಂತಿ ತಾಗಿದ ಬೇಲಿಯನ್ನೂ ಮುಟ್ಟಬೇಡಿ. ಐಬೆಕ್ಸ್ (ಸೋಲಾರ್ ಕರೆಂಟಿನ) ಬೇಲಿ, ಮುಳ್ಳುತಂತಿ ಬೇಲಿ ಇದ್ದರೆ ಅರ್ಧ ಫರ್ಲಾಂಗು ಆಚೆಯೂ ಕರೆಂಟು ಇರಬಹುದು.

ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಹೇಳುವಾಗ "ನಮ್ಮೂರಲ್ಲಿ ಕರೆಂಟಿಲ್ಲ" ಎಂದರೆ ಸಾಲದು. ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆ), ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಬರೆದ ಸಂಖ್ಯೆ, ಯಾವ ಕಂಬದಿಂದ ಯಾವ ಕಂಬದ ನಡುವೆ ಮರ ಬಿದ್ದಿದೆ, ಕಂಬ ಮುರಿದಿದೆಯೋ ಬಾಗಿದೆಯೋ, ಅದು ದೊಡ್ಡ ಲೈನೋ (11 ಕೆವಿ) ಮನೆ ಲೈನೋ, ಇಷ್ಟು ಹೇಳಿ. ದೂರಿನ ಸಂಖ್ಯೆ ಬರೆದಿಡಿ. ಪವರ್‌ಮ್ಯಾನ್ ಬರುವಾಗ ಏಣಿ ಸಾಕೋ ಕಂಬ ತರಬೇಕೋ ಎಂದು ಮೊದಲೇ ಗೊತ್ತಾದರೆ ಒಂದು ದಿನ ಉಳಿಯುತ್ತದೆ.

ದುರಸ್ತಿ ನಡೆಯುವ ಕ್ರಮ: ಮೊದಲು ಸಬ್‌ಸ್ಟೇಷನ್ನಿನಿಂದ ಹೊರಟ ಫೀಡರ್ (ಮುಖ್ಯ ಲೈನು) ಪೂರ್ತಿ ನಡೆದು ನೋಡುತ್ತಾರೆ. ಹಾಳಾದ ಕವಲನ್ನು ಜಿಒಎಸ್ (ಕಂಬದ ಮೇಲಿನ ಸ್ವಿಚ್ಚು) ತೆಗೆದು ಬೇರೆ ಮಾಡಿ ಉಳಿದದ್ದಕ್ಕೆ ಕರೆಂಟು ಕೊಡುತ್ತಾರೆ. ಆಮೇಲೆ ಕವಲು, ಆಮೇಲೆ ಟಿಸಿ, ಕೊನೆಗೆ ಮನೆ ಲೈನು. ಪಕ್ಕದೂರಿಗೆ ಬಂದು ನಮಗೆ ಬಂದಿಲ್ಲ ಎಂದರೆ ನಮ್ಮ ಕವಲು ಬಿಚ್ಚಿಟ್ಟಿದ್ದಾರೆ ಎಂದರ್ಥ, ಮರೆತಿದ್ದಾರೆ ಎಂದಲ್ಲ. ಎಲ್ಲ ಸರಿ ಕಂಡರೂ ಫೀಡರ್ ನಿಲ್ಲದಿದ್ದರೆ ಸಿಡಿಲಿಗೆ ಯಾವುದೋ ಪಿನ್ ಇನ್ಸುಲೇಟರ್ (ಕಂಬದಲ್ಲಿ ತಂತಿ ಹೊರುವ ಪಿಂಗಾಣಿ) ಒಳಗೆ ತೂತಾಗಿರುತ್ತದೆ. ಹೊರಗಿನಿಂದ ಕಾಣದು, ಕಂಬಕಂಬ ಹತ್ತಿ ಹುಡುಕಬೇಕು. ತಡವಾಗುವುದು ಇಲ್ಲೇ.

ಇನ್ನೊಂದು, ಇದು ಮನೆಯವರಿಗೆ. ಗಾಳಿಗೆ ನ್ಯೂಟ್ರಲ್ ತಂತಿ ತುಂಡಾಗಿ ಮೂರು ಫೇಸ್ ಉಳಿದರೆ 230 ವೋಲ್ಟಿನ ಮನೆಗೆ 400ರ ಹತ್ತಿರ ಬರಬಹುದು. ಒಂದು ಮನೆಯಲ್ಲಿ ಬಲ್ಬು ವಿಪರೀತ ಪ್ರಕಾಶ, ಪಕ್ಕದ ಮನೆಯಲ್ಲಿ ಮಂಕು ಎಂದಾದರೆ ಅದೇ ಲಕ್ಷಣ. ಆ ಕ್ಷಣ ಮೇನ್ ಇಳಿಸಿ. ಮಳೆಯ ನಂತರ ಮೊದಲ ಸಲ ಕರೆಂಟು ಬಂದಾಗ ಒಂದು ಬಲ್ಬು ಮಾತ್ರ ಹಾಕಿ ಐದು ನಿಮಿಷ ನೋಡಿ, ಆಮೇಲೆ ಫ್ರಿಜ್, ಪಂಪು.

ಕಾಡಂಚಿನಮನೆ

ಟಿಸಿ_ಕಂಬ ಅಣ್ಣಾ, ಜನರೇಟರ್ ಇಟ್ಟುಕೊಂಡವರು ಮೀಟರ್ ಬೋರ್ಡಿನ ಪ್ಲಗ್ಗಿಗೇ ಎರಡು ಕಡೆ ಪಿನ್ ಇರುವ ವಯರ್ ಸಿಕ್ಕಿಸಿ ಮನೆಯೆಲ್ಲ ಬೆಳಗಿಸುತ್ತಾರಲ್ಲ, ಮೇನ್ ಇಳಿಸಿದ್ದರೆ ತೊಂದರೆ ಇಲ್ಲ ತಾನೆ?

ಟಿಸಿ_ಕಂಬ (ಹೊಸನಗರ)

ಮಾರಾಯ್ರೇ, ಬೇಡವೇ ಬೇಡ. ಮೇನ್ ಇಳಿಸಲು ಒಂದು ಸಲ ಮರೆತರೆ ನಿಮ್ಮ 230 ವೋಲ್ಟು ಟಿಸಿಗೆ ಹಿಂದಿನಿಂದ ಹೋಗಿ ಆಚೆ ಕಡೆ 11 ಸಾವಿರವಾಗಿ ಹೊರಡುತ್ತದೆ. ಎಲ್‌ಸಿ (ಲೈನ್ ಆಫ್ ಆಗಿದೆ ಎಂಬ ಅನುಮತಿ) ತೆಗೆದುಕೊಂಡು ಕಂಬ ಹತ್ತಿದವನು ಸಾಯುವುದು ಹೀಗೆ. ಎರಡೂ ಕಡೆ ಪಿನ್ ಇರುವ ವಯರಿನ ಒಂದು ತುದಿ ಕಳಚಿದರೆ ಕೈಯಲ್ಲಿರುವುದೇ ಜೀವಂತ ಪಿನ್. ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಫೇಸ್ ಜೊತೆ ನ್ಯೂಟ್ರಲನ್ನೂ ಬದಲಿಸುವಂಥದ್ದು, ಡಬಲ್ ಪೋಲ್. ಇಲ್ಲವಾದರೆ ಜನರೇಟರಿನಿಂದ ನೇರ ಎಕ್ಸ್‌ಟೆನ್ಶನ್ ಬೋರ್ಡು ಎಳೆದುಕೊಂಡು ಬೇಕಾದ್ದಕ್ಕಷ್ಟೇ ಕೊಡಿ. ಜನರೇಟರ್ ಜಗಲಿಯ ಒಳಗೆ ಬೇಡ, ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷ ಇರುತ್ತದೆ.

ದೋಟಿಯವರಿಗೂ (ಉದ್ದ ಕೋಲಿನಿಂದ ಅಡಿಕೆ ಕೊಯ್ಯುವವರಿಗೂ) ಒಂದು ಮಾತು. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ. ಹಗುರ, ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ ಎಂದು ತಂತಿಯ ಮೇಲೆ ಕೂತ ಸೋಗೆ ತೆಗೆಯಲು ಎತ್ತಬೇಡಿ.

ಹಾಳೆಟೊಪ್ಪಿ (ಸಾಗರ ಸೀಮೆ)

ಅಡಿಕೆಗೆ ಬರೋಣ. ಬಿದ್ದ, ಬಾಗಿದ ಮರಗಳನ್ನು ಮೂರು ಗುಂಪು ಮಾಡಿ ನೋಡಿ.

ಕಾಂಡ ಮುರಿದದ್ದು ಹೋಯಿತು. ಅಡಿಕೆಗೆ ಬೆಳೆಯುವ ಜಾಗ ಒಂದೇ, ಅದು ತುದಿಯ ಸುಳಿ. ಮುರಿದ ಮೊಂಡು ಚಿಗುರುವುದಿಲ್ಲ. ಆದರೆ ಆ ಮರಕ್ಕೆ ಕಾಳುಮೆಣಸಿನ ಬಳ್ಳಿ ಇದ್ದರೆ ಮೊಂಡನ್ನು ಕಡಿಯಬೇಡಿ.

ಬೇರು ಸಮೇತ ವಾಲಿದ್ದು ಎರಡನೆಯ ಗುಂಪು. ಮೂರು–ನಾಲ್ಕು ವರ್ಷದೊಳಗಿನ ಗಿಡವನ್ನು ಎಬ್ಬಿಸಬಹುದು. ಎರಡು ಮೂರು ದಿನದೊಳಗೆ, ನೆಲ ಒದ್ದೆ ಇರುವಾಗಲೇ ಮಾಡಬೇಕು, ಮಣ್ಣು ಗಟ್ಟಿಯಾದರೆ ಉಳಿದ ಬೇರೂ ಕಿತ್ತು ಬರುತ್ತದೆ. ಗಿಡ ವಾಲಿದ ಕಡೆಯ ಮಣ್ಣನ್ನು ಸಡಿಲಿಸಿಕೊಂಡು ನಿಧಾನ ಎತ್ತಿ, ಅಡಿಕೆ ದಬ್ಬೆಯ (ಸೀಳಿದ ಕಾಂಡದ) ಮೂರು ಊರುಗೋಲು ಕೊಟ್ಟು, ಸೆಣಬಿನ ಗೋಣಿಪಟ್ಟಿಯಿಂದ ಕಟ್ಟಿ. ನೈಲಾನ್ ಹಗ್ಗ ಕಾಂಡ ಕೊಯ್ಯುತ್ತದೆ. ಕೆಳಗಿನ ಒಂದೆರಡು ಸೋಗೆ ತೆಗೆದರೆ ಗಾಳಿಯ ಹಿಡಿತ ಕಡಿಮೆಯಾಗುತ್ತದೆ. ಬುಡಕ್ಕೆ ಮಣ್ಣೇರಿಸಿ ತುಳಿಯಿರಿ, ಗೊಬ್ಬರ ಈಗ ಬೇಡ. ಇಪ್ಪತ್ತಡಿ ದಾಟಿದ ಮರವನ್ನು ಹಗ್ಗ ಕಟ್ಟಿ ಎಳೆದು ನಿಲ್ಲಿಸುವ ಸಾಹಸ ದಂಡ. ಜೂನ್ ಗಾಳಿಗೆ ಅದು ಪಕ್ಕದ ಇನ್ನೊಂದನ್ನೂ ಕರೆದುಕೊಂಡು ಬೀಳುತ್ತದೆ.

ಮೂರನೆಯದು ನಿಂತೇ ಇದೆ, ಆದರೆ ಸೋಗೆ ಚಿಂದಿ, ಸಿಂಗಾರಕ್ಕೆ (ಅಡಿಕೆ ಹೂಗೊಂಚಲಿಗೆ) ಪೆಟ್ಟು, ಎಳೆಕಾಯಿಗೆ ಕಲ್ಲಿನ ಗಾಯ. ಹಣದ ಲೆಕ್ಕದಲ್ಲಿ ದೊಡ್ಡದು ಈ ಗುಂಪೇ. ಪೆಟ್ಟು ತಿಂದ ಎಳೆಕಾಯಿ ಎರಡು ಮೂರು ವಾರದಲ್ಲಿ ಉದುರುತ್ತದೆ, ಅದನ್ನು ತಡೆಯುವ ಔಷಧ ಇಲ್ಲ. ಅಂಗಡಿಯವರು ಏನೇ ಹೇಳಲಿ. ಅರ್ಧ ಹರಿದು ಹಸಿರಿರುವ ಸೋಗೆಯನ್ನು ಚೊಕ್ಕಟ ಮಾಡುವ ಹುಚ್ಚಿನಲ್ಲಿ ಕಡಿಯಬೇಡಿ, ಉಳಿದ ಕಾಯಿಗೆ ಊಟ ಅಲ್ಲಿಂದಲೇ. ಮುರಿದು ಜೋತುಬಿದ್ದದ್ದು, ಒಣಗಿದ ಸಿಂಗಾರ ಮಾತ್ರ ತೆಗೆಯಿರಿ.

ಕೊನೆಗಾರನನ್ನು (ಗೊನೆ ಇಳಿಸುವವನನ್ನು) ಮರ ಹತ್ತಿಸುವ ಮೊದಲು ಕಾಂಡ ಸುತ್ತ ನೋಡಿ. ಉದ್ದುದ್ದ ಸೀಳು, ಸೀಳಿನಿಂದ ರಸ, ಒಂದು ಕಡೆ ಉಬ್ಬು ಇದ್ದರೆ ಆ ಮರ ಮನುಷ್ಯನ ಭಾರ ತಡೆಯುವುದಿಲ್ಲ. ಇಂಥ ಮರಕ್ಕೆ ಬಣ್ಣದ ಪಟ್ಟಿ ಕಟ್ಟಿಬಿಡಿ. ಪಕ್ಕದ ಮರದಿಂದ ಇದಕ್ಕೆ ದಾಟುವ ಅಭ್ಯಾಸ ಇರುವವರಿಗೆ ಮೊದಲೇ ಹೇಳಬೇಕು.

ಮೈಲುತುತ್ತ

ಹಾಳೆಟೊಪ್ಪಿಯವರು ಬೋರ್ಡೋ ವಿಷಯ ಬಿಟ್ಟಿದ್ದಾರೆ. ಆಲಿಕಲ್ಲು ಬಿದ್ದ ಮರುದಿನವೇ ಹೊಡೆಯಬೇಕು ಎನ್ನುವುದು ನನ್ನ ಅಭಿಪ್ರಾಯ. ಗಾಯದ ಬಾಯಿ ತೆರೆದಿರುವಾಗ ರಕ್ಷಣೆ ಕೊಡದೆ ಮತ್ತೆ ಯಾವಾಗ?

ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟು), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮೈಲುತುತ್ತ 50 ಲೀಟರಿನಲ್ಲಿ, ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಬೇರೆಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕದಡಬೇಕು, ತಿರುಗಿಸಿ ಮಾಡಿದರೆ ಗಸಿ ದಪ್ಪವಾಗಿ ನಾಝಲ್ ಕಟ್ಟುತ್ತದೆ, ಎಲೆಗೂ ಹಿಡಿಯುವುದಿಲ್ಲ. ಉಜ್ಜಿದ ಕಬ್ಬಿಣದ ಕತ್ತಿ ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಬಿಡಿಯಾಗಿ ಉಳಿದಿದೆ, ಸುಣ್ಣದ ನೀರು ಇನ್ನಷ್ಟು ಸೇರಿಸಿ. ಮಾಡಿದ ದಿನವೇ ಮುಗಿಸಬೇಕು.

ಹಾಳೆಟೊಪ್ಪಿ (ಸಾಗರ ಸೀಮೆ)

ತಯಾರಿಯಲ್ಲಿ ತಕರಾರಿಲ್ಲ. ಸಮಯದಲ್ಲಿ ಇದೆ. ಏಪ್ರಿಲ್ ಕೊನೆಗೆ ಕೆಲವು ಮರದಲ್ಲಿ ಸಿಂಗಾರ ಇನ್ನೂ ಅರಳುತ್ತಿರುತ್ತದೆ, ತೆರೆದ ಹೆಣ್ಣು ಹೂವಿನ ಮೇಲೆ ತಾಮ್ರ–ಸುಣ್ಣ ಕೂತರೆ ಕಾಯಿಕಟ್ಟುವುದಕ್ಕೇ ಅಡ್ಡಿ. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ರೋಗಾಣುವಿಗೆ ದಿನಗಟ್ಟಲೆ ತೇವ ಬೇಕು. ಒಂದು ಸಂಜೆಯ ಆಲಿಕಲ್ಲು ಮಳೆಯ ಮರುದಿನ ಬಿಸಿಲು ಬಂದರೆ ಗಾಯ ತಾನೇ ಒಣಗುತ್ತದೆ. ಈಗ ಇಡೀ ತೋಟಕ್ಕೆ ಹೊಡೆದು, ಮುಂಗಾರಿಗೆ ಮೊದಲಿನ ಸುತ್ತನ್ನು "ಮೊನ್ನೆ ಹೊಡೆದಿದ್ದೇವಲ್ಲ" ಎಂದು ಬಿಡುವುದೇ ದೊಡ್ಡ ನಷ್ಟ. ಮೇ ಕೊನೆಯ ಸುತ್ತು ತಪ್ಪಬಾರದು, 40–45 ದಿನಕ್ಕೆ ಎರಡನೆಯದು.

ಒಂದು ಕಡೆ ಮಾತ್ರ ನಿಮ್ಮ ಮಾತು ಸರಿ: ಸುಳಿಗೇ ಪೆಟ್ಟಾದ ಮರ. ಸುಳಿ ಎಲೆ ಹಳದಿಯಾಗಿ, ಎಳೆದರೆ ಕಿತ್ತು ಬಂದು, ಬುಡ ನಾರಿದರೆ ಅದು ಸುಳಿಕೊಳೆ. ಕೊಳೆತದ್ದನ್ನು ಬಿಳಿ ಭಾಗ ಕಾಣುವವರೆಗೆ ಕೆತ್ತಿ ಶೇ. 10ರ ಬೋರ್ಡೋ ಪೇಸ್ಟ್ ಹಚ್ಚಿ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಟ್ಟು 1 ಲೀಟರ್ ನೀರು. ಮೇಲೆ ಪ್ಲಾಸ್ಟಿಕ್ ಹೊದೆಸಿ. ಇದಕ್ಕಾಗಿ ಪೆಟ್ಟು ತಿಂದ ಮರಗಳನ್ನು ವಾರಕ್ಕೊಮ್ಮೆಯಂತೆ ಜುಲೈವರೆಗೆ ನೋಡುತ್ತಿರಬೇಕು. ಎಲೆಚುಕ್ಕಿ ರೋಗ ಇರುವ ತೋಟವಾದರೆ ಪ್ರೊಪಿಕೊನಜೋಲ್ ಶಿಲೀಂಧ್ರನಾಶಕ ಲೀಟರಿಗೆ 1 ಮಿ.ಲೀ. ಬೇರೆಯಾಗಿಯೇ ಹೊಡೆಯಿರಿ, ಬೋರ್ಡೋ ಜೊತೆ ಒಂದೇ ಡ್ರಮ್ಮಿನಲ್ಲಿ ಬೆರೆಸಬೇಡಿ.

ಮೈಲುತುತ್ತ

ಸಿಂಗಾರದ ವಿಷಯ ಒಪ್ಪಿದೆ. ಮೂರು ನಾಲ್ಕು ದಿನ ಮೋಡ, ಜಿಟಿಜಿಟಿ ಮುಂದುವರಿದರೆ ಮಾತ್ರ ನಾನು ಹೇಳಿದ್ದು ಎಂದು ತಿದ್ದಿಕೊಳ್ಳುತ್ತೇನೆ. ಅದಿರಲಿ, ಮರ ಬಿದ್ದು ತೆರೆದುಕೊಂಡ ಜಾಗದ ಸುತ್ತಲಿನ ಮರಗಳ ಕಾಂಡಕ್ಕೆ ಈಗಲೇ ಸುಣ್ಣ ಬಳಿಯಬೇಕಲ್ಲ? ಬಿಸಿಲು ನೇರ ಹೊಡೆಯುತ್ತದೆ.

ಮೋಡದಿಕ್ಕು (ಆಗುಂಬೆ ಹತ್ತಿರ)

ಬಳಿಯಬೇಕು, ಆದರೆ ಈಗ ಬಳಿದರೆ ಜೂನ್ ಮಳೆಗೆ ತೊಳೆದುಹೋಗುತ್ತದೆ. ನಾವಿರುವುದು ಸುಮಾರು 14 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನಡು ಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ, ಕಾಂಡಕ್ಕಿಂತ ತಲೆಗೆ ಬಿಸಿಲು ಹೆಚ್ಚು. ಕಾಂಡ ಸುಡುವುದು ಸೂರ್ಯ ದಕ್ಷಿಣಕ್ಕೆ ಇಳಿದ ಮೇಲೆ, ಮಳೆ ಹೋಗಿ ಆಕಾಶ ತೆರೆದಾಗ, ನೈಋತ್ಯ ಮಗ್ಗುಲಿಗೆ. ಹಾಗಾಗಿ ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಸುಣ್ಣ ಬಳಿಯಿರಿ ಅಥವಾ ಆ ಮಗ್ಗುಲಿಗೆ ಅಡಿಕೆ ಹಾಳೆ, ಸೋಗೆ ಕಟ್ಟಿ. ಬಿಟ್ಟರೆ ಹೊಂಬಣ್ಣದ ಕಲೆ, ಆಮೇಲೆ ಸೀಳು. ಎರಡು ಮೂರು ವರ್ಷ ಬಿಟ್ಟು ಇಂಥದೇ ಗಾಳಿಗೆ ಮರ ಸರಿಯಾಗಿ ಆ ಸೀಳಿನ ಜಾಗದಲ್ಲಿ ಮುರಿಯುತ್ತದೆ. ಈಗ ಬಿದ್ದ ಮರಗಳ ಮುರಿದ ಜಾಗ ಪರೀಕ್ಷಿಸಿ, ಎಷ್ಟರಲ್ಲಿ ಹಳೆ ಸೀಳು ಇದೆ ಎಂದು ಕಾಣುತ್ತದೆ.

ಹೊಸದಾಗಿ ಸಾಲು ಹಾಕುವವರು ಉತ್ತರ–ದಕ್ಷಿಣ ಗೆರೆಯನ್ನು 35 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿ ಹಾಕಬೇಕೆಂದು ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವುದು ಇದೇ ಕಾರಣಕ್ಕೆ.

ಬಳ್ಳಿಕಾಳು (ಕೊಪ್ಪ)

ಮೆಣಸು: ಅಡಿಕೆ ಮರ ಬಿದ್ದರೂ ಬಳ್ಳಿಯ ಬುಡ ಅಲುಗದಿದ್ದರೆ ಬಳ್ಳಿ ಬದುಕುತ್ತದೆ. ಮರದಿಂದ ಕೀಳಬೇಡಿ. ಮರವನ್ನು ಬಳ್ಳಿ ಸಮೇತ ತುಂಡು ಮಾಡಿ ನಡುವಿನ ಕಾಂಡ ಸರಿಸಿ, ಬುಡದಿಂದ ನಾಲ್ಕೈದು ಅಡಿ ಬಳ್ಳಿ ಉಳಿಸಿ ಮೊಂಡಿಗೇ ಕಟ್ಟಿ. ಆ ಮೊಂಡು ಒಂದೆರಡು ವರ್ಷ ಬಂದೀತು, ಅಷ್ಟರಲ್ಲಿ ಪಕ್ಕದಲ್ಲಿ ಹೊಸ ಆಸರೆ ನೆಡಿ. ಕಡಿದ ಅಡ್ಡರೆಂಬೆಗಳಿಂದ ಪೊದೆ ಮೆಣಸು ಮಾಡಬಹುದು. ಎಲೆ, ಬಳ್ಳಿ ಹರಿದ ಕಡೆ ಮುಂಗಾರಿನಲ್ಲಿ ಸೊರಗು ರೋಗ ಬೇಗ ಹಿಡಿಯುತ್ತದೆ. ಮೊದಲ ಮಳೆಗೆ ಶೇ. 1ರ ಬೋರ್ಡೋ ಎಲೆಗೆ, ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 2 ಗ್ರಾಂ, ಬಳ್ಳಿಗೆ 5ರಿಂದ 10 ಲೀಟರ್.

ಕಾಫಿಯವರಿಗೆ ಹೂಮಳೆಯಾಗಿ (ಮೊಗ್ಗು ಅರಳಿಸುವ ಮಳೆಯಾಗಿ) ಇದೇ ಮಳೆ ಬೇಕು ಎನ್ನುವುದು ತಮಾಷೆ. ಹೂವು ಬಿರಿದ ದಿನ ಬಿದ್ದರೆ ಪರಾಗ ತೊಳೆದು ಹೋಗುತ್ತದೆ, ಅದಕ್ಕೆ ಮಾಡುವುದೇನೂ ಇಲ್ಲ. ಸಿಲ್ವರ್ ಓಕ್ ಮುರಿದು ನೆರಳು ಹೋದ ಜಾಗದಲ್ಲಿ ಈ ವರ್ಷ ಉಳಿದ ನೆರಳಿನ ಮರಗಳ ಕೊಂಬೆ ಕಡಿಸಬೇಡಿ, ಅಷ್ಟೆ.

ಪಹಣಿಪುಟ (ಶಿವಮೊಗ್ಗ)

ಪರಿಹಾರ. ಇಲ್ಲಿ ಮೂರು ಬೇರೆಬೇರೆ ಬಾಗಿಲುಗಳಿವೆ, ಜನ ಒಂದರ ಮುಂದೆ ನಿಂತು ಇನ್ನೊಂದರ ಹಣ ಕೇಳುತ್ತಾರೆ.

ಒಂದು, ವಿಪತ್ತು ಪರಿಹಾರ ನಿಧಿ. ಆಲಿಕಲ್ಲು ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲೇ ಇದೆ. 2022–23ರಿಂದ 2025–26ರ ಅವಧಿಯ ಮಾನದಂಡದಲ್ಲಿ ಬೆಳೆ ನಷ್ಟ ಶೇ. 33 ಅಥವಾ ಹೆಚ್ಚಿದ್ದರೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಅಡಿಕೆಯಂಥ ಬಹುವಾರ್ಷಿಕಕ್ಕೆ 22,500 ರೂಪಾಯಿ. ಎರಡು ಹೆಕ್ಟೇರ್ ಮಿತಿ. ಎಕರೆಗೆ ಇಳಿಸಿದರೆ ಅಡಿಕೆಗೆ 9,100ರ ಆಸುಪಾಸು. ಮನೆ ಭಾಗಶಃ ಹಾನಿ, ಕನಿಷ್ಠ ಶೇ. 15: ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಕೊಟ್ಟಿಗೆಗೆ 3,000. ಹಾಲು ಕೊಡುವ ಹಸು, ಎಮ್ಮೆ ಸತ್ತರೆ 37,500, ಎತ್ತಿಗೆ 32,000, ಕರುವಿಗೆ 20,000. ರಾಜ್ಯ ಸರ್ಕಾರ ಕೆಲವು ವರ್ಷ ಇದರ ಮೇಲೆ ತನ್ನದನ್ನು ಸೇರಿಸುವುದುಂಟು, ಆ ವರ್ಷದ ಆದೇಶ ನೋಡಬೇಕು.

ಎರಡು, ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆಗೆ ವಿಮಾ ಮೊತ್ತ ಹೆಕ್ಟೇರಿಗೆ 1,28,000, ರೈತರ ಕಂತು ಶೇ. 5ರಂತೆ 6,400. ಇದು ನಿಮ್ಮ ಮರ ಬಿದ್ದದ್ದನ್ನು ನೋಡುವುದೇ ಇಲ್ಲ. ಪಂಚಾಯಿತಿಯ ಮಳೆಮಾಪಕದ ಅಂಕಿ ಅಧಿಸೂಚನೆಯ ಮಿತಿ ದಾಟಿತೇ ಎಂದಷ್ಟೇ ನೋಡುತ್ತದೆ. ಫೋಟೋ ಹಿಡಿದು ವಿಮೆ ಕಚೇರಿಗೆ ಓಡುವುದು ವ್ಯರ್ಥ.

ಮೂರು, ಫಸಲ್ ಬಿಮಾ ಯೋಜನೆ. ಭತ್ತ, ಜೋಳದಂಥ ಬೆಳೆಗೆ. ಆಲಿಕಲ್ಲು ಇದರಲ್ಲಿ ಸ್ಥಳೀಯ ವಿಪತ್ತು. 72 ಗಂಟೆಯೊಳಗೆ ತಿಳಿಸದಿದ್ದರೆ ಹೋಯಿತು.

ಮೊದಲ ಬಾಗಿಲಿಗೆ ಬೇಕಾದ್ದು: ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಅರ್ಜಿ, ಸರ್ವೆ ನಂಬರು ಸಮೇತ, ಸ್ವೀಕೃತಿಯೊಂದಿಗೆ. ತೋಟಗಾರಿಕೆ ಇಲಾಖೆಗೆ ಒಂದು ಪ್ರತಿ. ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನ ಎಫ್‌ಐಡಿ (ರೈತರ ಗುರುತು ಸಂಖ್ಯೆ), ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ. ಪಹಣಿಯ ಬೆಳೆ ಕಾಲಂ ತೆಗೆದು ನೋಡಿ. ಬೆಳೆ ಸಮೀಕ್ಷೆಯಲ್ಲಿ ತಪ್ಪಾಗಿ ಭತ್ತ ಎಂದು ಕೂತಿದ್ದರೆ ಅಡಿಕೆ ನಷ್ಟದ ಅರ್ಜಿ ತಂತ್ರಾಂಶದಲ್ಲಿ ಮುಂದೆ ಹೋಗುವುದಿಲ್ಲ. ಜಂಟಿ ಖಾತೆಯಾದರೆ ಉಳಿದವರ ಒಪ್ಪಿಗೆ ಪತ್ರ ಮೊದಲೇ ಸಿದ್ಧ ಇರಲಿ.

ಫೋಟೋ: ಸ್ಥಳ, ದಿನಾಂಕ ಮುದ್ರೆಯಾಗುವ ಆ್ಯಪ್‌ನಲ್ಲಿ. ತೋಟದ ನಾಲ್ಕು ಮೂಲೆಯಿಂದ ಅಗಲ ಚಿತ್ರ, ಆಮೇಲೆ ಬಿದ್ದ ಪ್ರತಿ ಮರಕ್ಕೆ ಸುಣ್ಣದಲ್ಲಿ ಸಂಖ್ಯೆ ಬರೆದು ಒಂದೊಂದು. ಆಲಿಕಲ್ಲನ್ನು ಕರಗುವ ಮೊದಲು ನಾಣ್ಯದ ಪಕ್ಕ ಇಟ್ಟು ತೆಗೆಯಿರಿ, ಆ ಮಳೆಯಲ್ಲಿ ಕಲ್ಲು ಇತ್ತು ಎನ್ನಲು ಬೇರೆ ಸಾಕ್ಷಿ ಸಿಗುವುದಿಲ್ಲ. ಮಳೆಮಾಪಕ ಮಳೆ ಅಳೆಯುತ್ತದೆ, ಕಲ್ಲನ್ನಲ್ಲ.

ಕಾಡಂಚಿನಮನೆ

ಶೇ. 33 ಎಂದರೆ ಮರದ ಲೆಕ್ಕವೋ ಫಸಲಿನ ಲೆಕ್ಕವೋ? ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 540–550 ಮರ. ಗಾಳಿಗೆ 40 ಬಿದ್ದರೆ ಶೇ. 7. ಯಾರಿಗೂ ಸಿಗುವುದಿಲ್ಲ ಎಂದಾಯಿತು.

ಪಹಣಿಪುಟ (ಶಿವಮೊಗ್ಗ)

ನಿಮ್ಮ ಗಣಿತ ಸರಿ, ಈ ಮಾನದಂಡದ ದೊಡ್ಡ ದೋಷವೂ ಅದೇ. ಭತ್ತದ ಗದ್ದೆಯನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮ ಇದು. ಗದ್ದೆ ಒಂದು ವರ್ಷ ಹೋಗುತ್ತದೆ, ಅಡಿಕೆ ಮರ ಬಿದ್ದರೆ ಸಸಿ ಫಲ ಕೊಡುವವರೆಗೆ ಐದಾರು ವರ್ಷದ ಆದಾಯ ಹೋಗುತ್ತದೆ. ಅದನ್ನು ಈ ಕೋಷ್ಟಕ ಕಾಣುವುದಿಲ್ಲ.

ಆದರೂ ಕೈಬಿಡಬೇಡಿ. ಅರ್ಜಿಯಲ್ಲಿ "40 ಮರ ಬಿದ್ದಿದೆ" ಎಂದು ನಿಲ್ಲಿಸಬೇಡಿ. ನಿಂತ ಮರಗಳಲ್ಲಿ ಆಲಿಕಲ್ಲಿಗೆ ಗೊನೆ ಹಾಳಾದದ್ದೂ ಬೆಳೆ ನಷ್ಟವೇ. ಹತ್ತಿಪ್ಪತ್ತು ಮರಗಳ ಬುಡದಲ್ಲಿ ಉದುರಿದ ಎಳೆಕಾಯಿ ಎಣಿಸಿ ಬರೆದಿಡಿ, ಎರಡು ವಾರ ಬಿಟ್ಟು ಮತ್ತೆ ಎಣಿಸಿ. ಜಂಟಿ ಸಮೀಕ್ಷೆಗೆ ತಂಡ ಬಂದಾಗ ಆ ಕಾಗದ ಕೊಡಿ. ಕಾಯಿ ಉದುರುವುದು ತಡವಾಗಿ ಆಗುವುದರಿಂದ ಮೂರನೇ ದಿನದ ಸಮೀಕ್ಷೆಯಲ್ಲಿ ನಷ್ಟ ಕಡಿಮೆ ಕಾಣುವುದು ಸಹಜ.

ಹಂಚಿನಮಾಡು

ಮನೆಯ ಮಾಡಿನ (ಛಾವಣಿಯ) ಬಗ್ಗೆ ಯಾರೂ ಹೇಳಲಿಲ್ಲ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಬೇಕು. ಸಣ್ಣ ಆಲಿಕಲ್ಲಿಗೆ ಒಡೆಯುವುದು ಹಳೆಯ, ಹಾವಸೆ ತಿಂದ ಹಂಚು. ಒಡೆದದ್ದು ಬದಲಿಸುವಾಗ ಬೇರೆ ಕಾರ್ಖಾನೆಯ ಹಂಚಿನ ತೋಡು ಹೊಂದುವುದಿಲ್ಲ, ಕೂಡುವ ಕಡೆ ಸೋರುತ್ತದೆ. ಅದಕ್ಕೆ ಹಿಂಬದಿಯ ಕೊಟ್ಟಿಗೆಯ ಹಳೆ ಹಂಚು ತೆಗೆದು ಮನೆಗೆ ಹಾಕಿ, ಹೊಸದನ್ನು ಕೊಟ್ಟಿಗೆಗೆ ಒಂದೇ ಕಡೆ ಹಾಕುವುದು ಜಾಣತನ. ರೀಪು (ಹಂಚು ಕೂರುವ ಮರದ ಪಟ್ಟಿ) ಒದ್ದೆಯಾಗಿ ಬಾಗಿದೆಯೇ ನೋಡದೆ ಹಂಚು ಹೊದೆಸಬೇಡಿ.

ತಗಡು ಹಾರುವುದು ನಡುವಿನಿಂದಲ್ಲ, ಅಂಚಿನಿಂದ. ಸೂರಿನ ಸಾಲು, ನೆತ್ತಿಯ ಸಾಲು, ಎರಡು ತುದಿಗಳಲ್ಲಿ ಜೆ ಬೋಲ್ಟು ಒಂದು ಬಿಟ್ಟು ಒಂದು ಉಬ್ಬಿಗೆ ಇರಬೇಕು. ತೋಡಿಗಲ್ಲ, ಉಬ್ಬಿಗೆ. ಸೂರು ಒಂದು ಅಡಿಗಿಂತ ಹೊರಗೆ ಚಾಚಿದರೆ ಗಾಳಿ ಕೆಳಗಿನಿಂದ ಎತ್ತುತ್ತದೆ. ತುದಿಯ ಜೋಡಣೆ ಆರಿಂಚು, ಪಕ್ಕದ್ದು ಒಂದೂವರೆ ಉಬ್ಬು. ಜೋಡಣೆಯ ಬಾಯಿ ಮುಂಗಾರಿನ ಕಡೆಗೆ ಇರದಂತೆ ಹೊದೆಸಿ. ಮೇ ಗಾಳಿ ಪೂರ್ವದಿಂದ ಬಂದರೂ ಲೆಕ್ಕ ಹಾಕಬೇಕಾದ್ದು ಜುಲೈಗೆ.

ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ, ಆಲಿಕಲ್ಲಿನ ಕೂದಲಿನಂಥ ಬಿರುಕು ಮೇಲಿನಿಂದ ಕಾಣದು. ಹಲಗೆ ಅಡ್ಡ ಹಾಕಿ, ಕೆಳಗಿನ ಪಟ್ಟಿಯ ಮೇಲೆ ಭಾರ ಬೀಳುವಂತೆ ನಡೆಯಿರಿ.

ಗರಗಸ (ನಗರ ಹೋಬಳಿ)

ದಾರಿಗೆ ಬಿದ್ದ ಮರಕ್ಕೆ ಗರಗಸದ ಮೆಷಿನ್ ಹಾಕುವ ಮೊದಲು ತಂತಿ ಸಿಕ್ಕಿದೆಯೇ ನೋಡಿ, ಸಿಕ್ಕಿದ್ದರೆ ಲೈನ್ ಆಫ್ ಎಂದು ಖಾತ್ರಿಯಾಗುವವರೆಗೆ ಮುಟ್ಟಬೇಡಿ. ಬಿಲ್ಲಿನಂತೆ ಬಾಗಿದ ಮರದಲ್ಲಿ ಒಂದು ಮಗ್ಗುಲು ಒತ್ತಿಕೊಂಡಿರುತ್ತದೆ, ಇನ್ನೊಂದು ಎಳೆದುಕೊಂಡಿರುತ್ತದೆ. ಒತ್ತಿದ ಕಡೆ ಮೂರನೇ ಒಂದು ಭಾಗ ಮೊದಲು ಕೊಯ್ದು, ಆಮೇಲೆ ಎಳೆದ ಕಡೆಯಿಂದ ಬನ್ನಿ. ಮೊದಲೇ ಎಳೆದ ಕಡೆ ಹಾಕಿದರೆ ಮರ ಉದ್ದಕ್ಕೆ ಸೀಳಿ ಎದೆಗೆ ಬರುತ್ತದೆ. ಒತ್ತಿದ ಕಡೆ ಆಳಕ್ಕೆ ಹೋದರೆ ಮೆಷಿನ್ನಿನ ಬಾರು (ಚೈನು ಓಡುವ ಪಟ್ಟಿ) ಸಿಕ್ಕಿಕೊಳ್ಳುತ್ತದೆ. ಬುಡ ಕಿತ್ತ ಮರದ ಕಾಂಡ ಕೊಯ್ದ ಕೂಡಲೇ ಬೇರಿನ ಗಡ್ಡೆ ಹೊಂಡಕ್ಕೆ ವಾಪಸ್ ಬೀಳುತ್ತದೆ. ಆ ಹೊಂಡದಲ್ಲಿ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರವೂ ಬೇಡ.

ಎರಡು ಸ್ಟ್ರೋಕ್ ಎಣ್ಣೆ 50ಕ್ಕೆ 1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40. ಎಣ್ಣೆ ಡಬ್ಬದ ಮೇಲೆ ಬರೆದದ್ದನ್ನೇ ನಂಬಿ. ರಸ್ತೆಬದಿಯ ಮರದ ತುಂಡನ್ನು ಬದಿಗೆ ಸರಿಸಿ ಬಿಟ್ಟುಬಿಡಿ, ಮನೆಗೆ ಒಯ್ಯಬೇಡಿ. ಬೀಟೆ, ತೇಗ ಆದರೆ ಕೊಯ್ಯುವ ಮೊದಲೇ ಅರಣ್ಯ ಇಲಾಖೆಯವರಿಗೆ ಫೋನು.

ಕಾಡಂಚಿನಮನೆ

ಹಿಮಾಚಲದ ಸೇಬಿನ ತೋಟಗಳಿಗೆ ವಸಂತದ ಹಿಮ, ಆಲಿಕಲ್ಲು ಎರಡೂ ಬೀಳುತ್ತವೆ, ಅಲ್ಲಿ ಬಲೆ ಹೊದೆಸುತ್ತಾರೆ. ನಮಗೆ ಆಗುವುದಿಲ್ಲವೇ?

ಹಾಳೆಟೊಪ್ಪಿ (ಸಾಗರ ಸೀಮೆ)

ಸೇಬಿನ ಮರ ಹತ್ತು–ಹನ್ನೆರಡಡಿ, ಕಂಬ ನೆಟ್ಟು ಬಲೆ ಕಟ್ಟಬಹುದು. ಐವತ್ತಡಿ ಅಡಿಕೆಯ ಮೇಲೆ ಬಲೆ ಕಟ್ಟಿದರೆ ಅದು ಹಾಯಿಯಾಗಿ ಗಾಳಿ ಹಿಡಿದು ಮರವನ್ನೇ ಕೆಡವೀತು. ಅಲ್ಲೂ ಹಿಮ ಬೀಳುವ ಮೊದಲು ಬಲೆ ಸುತ್ತಿಡದಿದ್ದರೆ ಭಾರಕ್ಕೆ ಬಲೆ, ಕೊಂಬೆ ಎರಡೂ ಮುರಿಯುತ್ತವೆ. ಸಸಿಮಡಿಗೆ ಮಾತ್ರ ನೆರಳುಬಲೆ ಸರಿ, ಬಿಗಿಯಾಗಿ ಇಳಿಜಾರಾಗಿ ಕಟ್ಟಿ, ಕಲ್ಲು ನಿಲ್ಲದೆ ಜಾರಬೇಕು.

ತೋಟದಂಚು (ತೀರ್ಥಹಳ್ಳಿ ಕಡೆ)

ಖಾಲಿಯಾದ ಜಾಗಕ್ಕೆ ಈ ಮಳೆಗಾಲದಲ್ಲೇ ಸಸಿ ಹಾಕಬಹುದೇ ಎಂದು ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ. ನೀರು ಬಸಿಯುವ ಜಾಗವಾದರೆ ಮೇ ಕೊನೆ, ಜೂನ್. ಜಿಗುಟು ಮಣ್ಣು, ತಗ್ಗಾದರೆ ಆಗಸ್ಟ್–ಸೆಪ್ಟೆಂಬರ್. 12ರಿಂದ 18 ತಿಂಗಳ ಸಸಿ, 90 ಸೆಂ.ಮೀ. ಉದ್ದ–ಅಗಲ–ಆಳದ ಗುಂಡಿ. ಬಿದ್ದ ಮರದ ಬುಡದಲ್ಲಿ ಅಣಬೆ ಎದ್ದಿತ್ತೇ, ಕಾಂಡದಿಂದ ಕಂದು ರಸ ಸೋರಿತ್ತೇ ಎಂದು ಮೊದಲು ನೋಡಿ. ಹೌದಾದರೆ ಅದು ಅಣಬೆ ರೋಗದ ಮರ, ಗಾಳಿ ನೆಪ ಮಾತ್ರ. ಮೊಂಡನ್ನು ಬೇರು ಸಮೇತ ಅಗೆದು ಸುಟ್ಟು, ಅದೇ ಗುಂಡಿಗೆ ಸಸಿ ಹಾಕದೆ ಈ ವರ್ಷ ಬಿಡಿ. ಬಸಿಗಾಲುವೆಗೆ ಬಿದ್ದ ಸೋಗೆ, ಮಣ್ಣು ತೆಗೆಯುವ ಕೆಲಸವನ್ನು ಮಾತ್ರ ಮೃಗಶಿರಾ ಮಳೆಗೆ ಮೊದಲು ಮುಗಿಸಲೇಬೇಕು, ಕಾಲುವೆ ಸಸಿಗುಂಡಿಗಿಂತ ಅರ್ಧ ಅಡಿ ಆಳ ಇರಲಿ. ಅಬ್ಬಿ ನೀರಿನ (ಗುಡ್ಡದ ಝರಿಯಿಂದ ಬರುವ ನೀರಿನ) ಪೈಪು ಮರ ಬಿದ್ದು ಒಡೆದವರು ಜೋಡಿಸುವ ಮೊದಲು ಮೇಲಿನ ಬಾಯಿಯ ಜಾಲರಿ ತೆಗೆದು ಎಲೆ–ಮರಳು ಹೊರಹಾಕಿ, ಇಲ್ಲವಾದರೆ ಕೆಳಗಿನ ಬಾಗಿನಲ್ಲೇ ಕಟ್ಟುತ್ತದೆ.

ಮಾಡಿನ ವಿಷಯದಲ್ಲಿ ಒಂದು ಪ್ರಶ್ನೆ ಉಳಿದಿದೆ, ಹಂಚಿನಮಾಡು ಅವರೇ: ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಶೆಡ್ಡಿಗೆ ಗಾಳಿ ಬಂದಾಗ ಪಕ್ಕದ ಪರದೆ ಮುಚ್ಚಬೇಕೋ ಬಿಚ್ಚಬೇಕೋ?

ಹಂಚಿನಮಾಡು

ಗಾಳಿ ಬರುವ ಕಡೆಯದನ್ನು ಮುಚ್ಚಿ ಬುಡಕ್ಕೆ ಮರಳುಚೀಲ ಇಡಿ, ಆಚೆ ಕಡೆಯದನ್ನು ಬಿಚ್ಚಿಡಿ. ಬರುವ ಕಡೆ ತೆರೆದು ಆಚೆ ಕಡೆ ಮುಚ್ಚಿದ್ದರೆ ಒಳಗೆ ತುಂಬಿದ ಗಾಳಿ ಇಡೀ ಹೊದಿಕೆಯನ್ನು ಎತ್ತಿಕೊಂಡು ಹೋಗುತ್ತದೆ.